ಒಮೆಗಾ ಎಲ್ಲಿ ಬೇಕು, ಎಲ್ಲಿ ಬೇಡ?

ಪ್ರಶ್ನೆ: ನಮಸ್ತೆ ಮೇಡಂ. ಬೆಂಗಳೂರಿನಲ್ಲೇ ಕೂತು ಕ್ಯಾಲಿಫೋರ್ನಿಯಾದ ಕಟ್ಟಡಗಳಿಗೆ ಸ್ಟ್ರಕ್ಚರಲ್ ಡಿಸೈನ್ ಮಾಡುವ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಈಗ ಕೈಯಲ್ಲಿರುವುದು ಐದು ಅಂತಸ್ತಿನ ಕಾಂಕ್ರೀಟ್ ಆಫೀಸ್ ಕಟ್ಟಡ. ಅಮೆರಿಕದ ಲೋಡ್ ಕೋಡ್ ಎಎಸ್‌ಸಿಇ 7-16ರ ಪ್ರಕಾರ ಲೆಕ್ಕ. ಸ್ಪೆಷಲ್ ಶಿಯರ್ ವಾಲ್ (ಭೂಕಂಪದ ಅಡ್ಡ ಬಲ ತಡೆಯುವ ಕಾಂಕ್ರೀಟ್ ಗೋಡೆ), ಡಿಸೈನ್ ಬಲ ಇಳಿಸುವ ಆರ್ ಫ್ಯಾಕ್ಟರ್ 6, ಓವರ್‌ಸ್ಟ್ರೆಂಗ್ತ್ ಫ್ಯಾಕ್ಟರ್ ಒಮೆಗಾ 2.5. ಕೆಳಗೆ ಲಾಬಿಗೆ ಜಾಗ ಬೇಕು ಅಂತ ಆರ್ಕಿಟೆಕ್ಟ್ ಒಂದು ಗೋಡೆಯನ್ನು ಮೊದಲನೇ ಮಹಡಿಯಲ್ಲೇ ನಿಲ್ಲಿಸಿದ್ದಾರೆ. ಅದರ ಕೆಳಗೆ ಎರಡು ಕಾಲಂ ಮಾತ್ರ. ನಮ್ಮ ಟೀಮ್ ಲೀಡ್ ‘ಎಲ್ಲ ಲೋಡ್ ಕಾಂಬಿನೇಶನ್‌ಗೂ (ಬೇರೆ ಬೇರೆ ಭಾರ, ಬಲ ಕೂಡಿಸಿ ನೋಡುವ ಲೆಕ್ಕ) ಒಮೆಗಾ ಹಾಕಿಬಿಡಿ, ತಲೆನೋವೇ ಇರಲ್ಲ’ ಅಂತಾರೆ. ಪಕ್ಕದ ಟೇಬಲ್‌ನ ಸೀನಿಯರ್ ‘ಒಮೆಗಾ ಬರೋದು ಕಲೆಕ್ಟರ್‌ಗೆ (ಮಹಡಿಯ ಬಲವನ್ನು ಗೋಡೆಗೆ ತಲುಪಿಸುವ ಬೀಮ್) ಮಾತ್ರ’ ಅಂತಾರೆ. ಯಾರ ಮಾತು ಸರಿ? ಫೂಟಿಂಗ್‌ಗೂ ಹಾಕಬೇಕಾ?
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ಕಟ್ಟಡದ ಮಟ್ಟಿಗೆ ಇಬ್ಬರ ಮಾತೂ ಸರಿಯಲ್ಲ. ಸೀನಿಯರ್ ಹೇಳಿದಂತೆ ಮಾಡಿದರೆ ಆ ಎರಡು ಕಾಲಂಗಳ ಕಥೆ ಮುಗಿಯಿತು. ಟೀಮ್ ಲೀಡ್ ಹೇಳಿದಂತೆ ಮಾಡಿದರೆ ದುಡ್ಡೂ ಹೋಗುತ್ತದೆ, ಇನ್ನೊಂದು ಕಡೆ ಹೊಸ ತೊಂದರೆಯೂ ಹುಟ್ಟುತ್ತದೆ. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. ಎಲ್ಲೂ ಯೀಲ್ಡ್ ಆಗದೆ, ಅಂದರೆ ಕಂಬಿ ಶಾಶ್ವತವಾಗಿ ಹಿಗ್ಗದೆ, ನಿಲ್ಲಬೇಕಿದ್ದರೆ ನಿಮ್ಮ ಕಟ್ಟಡ ಭೂಕಂಪದಲ್ಲಿ 3,000 ಕಿಲೋನ್ಯೂಟನ್ ಬಲ ತಡೆಯಬೇಕಿತ್ತು ಅಂತಿಟ್ಟುಕೊಳ್ಳಿ. ಅದನ್ನು ಆರ್ 6ರಿಂದ ಭಾಗಿಸಿ 500ಕ್ಕೆ ಡಿಸೈನ್ ಮಾಡುತ್ತೀರಿ. ಗೋಡೆಯ ಬುಡದ ಕಂಬಿ ಯೀಲ್ಡ್ ಆಗಿ ಉಳಿದದ್ದನ್ನು ಅರಗಿಸಿಕೊಳ್ಳುತ್ತದೆ ಅನ್ನುವ ನಂಬಿಕೆ. ಆದರೆ ಗೋಡೆ 500ಕ್ಕೇ ಯೀಲ್ಡ್ ಆಗುತ್ತದಾ? ಇಲ್ಲ. ಕಂಬಿಯ ನಿಜವಾದ ಶಕ್ತಿ ಡ್ರಾಯಿಂಗ್‌ನಲ್ಲಿ ಬರೆದದ್ದಕ್ಕಿಂತ ಜಾಸ್ತಿ ಇರುತ್ತದೆ. ಲೆಕ್ಕದಲ್ಲಿ ಶಕ್ತಿಯನ್ನು ಕಮ್ಮಿ ಹಿಡಿಯುವ ಫೈ ಫ್ಯಾಕ್ಟರ್ ಒಂದು ಕಡೆ ಉಳಿಸಿರುತ್ತದೆ. ಲೆಕ್ಕಕ್ಕೆ ಏಳು ಕಂಬಿ ಸಾಕಿದ್ದರೂ ಎಂಟು ಹಾಕಿರುತ್ತೀರಿ. ಡ್ರಿಫ್ಟ್ (ಮಹಡಿಗಳ ಪಕ್ಕದ ಓಲಾಟ) ತಡೆಯಲು ಗೋಡೆ ದಪ್ಪ ಮಾಡಿರುತ್ತೀರಿ. ಒಂದು ಗೋಡೆ ಯೀಲ್ಡ್ ಆದ ಮೇಲೂ ಪಕ್ಕದ ಗೋಡೆ ಇನ್ನಷ್ಟು ಹೊರುತ್ತದೆ. ಹೀಗೆ ಎಲ್ಲ ಸೇರಿ, ಕಟ್ಟಡದ ಪೂರ್ತಿ ಶಕ್ತಿ ಮುಗಿಯುವ ಹೊತ್ತಿಗೆ ಬಲ 1,250ರ ಹತ್ತಿರ ಹೋಗಿರುತ್ತದೆ. 500ರ 2.5 ಪಟ್ಟು. ಇದೇ ಒಮೆಗಾ.

ಈ ಹೆಚ್ಚಿನ ಶಕ್ತಿಯಿಂದ ಗೋಡೆಗೆ ನಷ್ಟವೇನೂ ಇಲ್ಲ. ಪೆಟ್ಟು ಬೀಳುವುದು ಅದನ್ನು ಹೊತ್ತವರಿಗೆ. ಗೋಡೆ ಎಷ್ಟು ಬಲವಾಗಿ ನಿಲ್ಲುತ್ತದೋ ಅಷ್ಟೂ ಬಲ ಕೆಳಗಿನ ಕಾಲಂಗೆ, ಪಕ್ಕದ ಕಲೆಕ್ಟರ್‌ಗೆ ಬರುತ್ತದೆ. ಅವು 500ರ ಪಾಲಿಗೆ ಮಾತ್ರ ತಯಾರಾಗಿದ್ದರೆ ಗೋಡೆ ಯೀಲ್ಡ್ ಆಗುವ ಮೊದಲೇ ಅವೇ ಮುರಿಯುತ್ತವೆ. ಕಾಲಂ ಪುಡಿಯಾಗುವುದಕ್ಕೆ ಎಚ್ಚರಿಕೆ ಅನ್ನುವುದೇ ಇರುವುದಿಲ್ಲ. ಹಾಗಾಗಿ ಯಾವ ಭಾಗ ಯೀಲ್ಡ್ ಆಗಬಾರದೋ, ಯಾವುದು ಮುರಿದರೆ ಮೇಲಿನದ್ದೆಲ್ಲ ಕೂರುತ್ತದೋ, ಅದಕ್ಕೆ ಮಾತ್ರ ಒಮೆಗಾ.

ನಿಮ್ಮ ಲಾಬಿಯ ಗೋಡೆಯಂಥದ್ದೇ ಒಂದು ಕಥೆ ಅದೇ ಕ್ಯಾಲಿಫೋರ್ನಿಯಾದಲ್ಲಿ ನಡೆದಿದೆ. ಎಲ್ ಸೆಂಟ್ರೋ ಊರಿನ ಇಂಪೀರಿಯಲ್ ಕೌಂಟಿ ಸರ್ವಿಸಸ್ ಬಿಲ್ಡಿಂಗ್. ಆರು ಅಂತಸ್ತಿನ ಕಾಂಕ್ರೀಟ್ ಕಟ್ಟಡ, ಆ ಕಾಲದ ಕೋಡ್ ಪ್ರಕಾರವೇ ಡಿಸೈನ್ ಆಗಿತ್ತು. ಪೂರ್ವದ ತುದಿಯಲ್ಲಿ ಎರಡನೇ ಹಂತದಿಂದ ಮೇಲಿನವರೆಗೂ ಕಟ್ಟಡದ ಅಗಲಕ್ಕೆ ಶಿಯರ್ ವಾಲ್. ನೆಲಮಟ್ಟದಲ್ಲಿ ಆ ಗೋಡೆ ಇಲ್ಲ. ಕೆಳಗಿನ ಗೋಡೆಗಳು ಬೇರೆ ಗೆರೆಯಲ್ಲಿ, ಒಳಗಡೆ. ಮೇಲಿನ ದೊಡ್ಡ ಗೋಡೆಯನ್ನು ಪೂರ್ವದ ಸಾಲಿನ ನಾಲ್ಕು ಕಾಲಂಗಳು ಹೊತ್ತಿದ್ದವು. 1979ರ ಅಕ್ಟೋಬರ್ 15ರಂದು ಇಂಪೀರಿಯಲ್ ವ್ಯಾಲಿ ಭೂಕಂಪವಾಯಿತು. ಮ್ಯಾಗ್ನಿಟ್ಯೂಡ್ ಸುಮಾರು 6.5. ನಾಲ್ಕೂ ಕಾಲಂಗಳ ಬುಡ ಪುಡಿಯಾಗಿ, ಆ ತುದಿ ಕೆಳಗೆ ಕುಸಿಯಿತು. ಕಟ್ಟಡದಲ್ಲಿ ಅಲುಗಾಟ ದಾಖಲಿಸುವ ಉಪಕರಣ ಕೂರಿಸಿದ್ದರಿಂದ ಏನಾಯಿತು ಅನ್ನುವುದು ಕ್ಷಣ ಕ್ಷಣಕ್ಕೂ ಸಿಕ್ಕಿತು. ಕೊನೆಗೆ ಕಟ್ಟಡವನ್ನು ಕೆಡವಬೇಕಾಯಿತು. ಅದಾದ ಮೇಲೆ 1988ರ ಯುಬಿಸಿ (ಅಮೆರಿಕದ ಯೂನಿಫಾರ್ಮ್ ಬಿಲ್ಡಿಂಗ್ ಕೋಡ್), ಗೋಡೆ ಅರ್ಧಕ್ಕೆ ನಿಂತಲ್ಲಿ ಅದನ್ನು ಹೊರುವ ಕಾಲಂಗೆ ಭೂಕಂಪದ ಬಲವನ್ನು ಹಲವು ಪಟ್ಟು ಹೆಚ್ಚಿಸಿ ನೋಡಿ ಅಂತ ಕೇಳಿತು. ಒಮೆಗಾ ಅನ್ನುವ ಗುರುತು ಬಂದದ್ದು 1997ರ ಆವೃತ್ತಿಯಲ್ಲಿ. ಹಾಗಾಗಿ ‘ಕಲೆಕ್ಟರ್‌ಗೆ ಮಾತ್ರ’ ಅನ್ನುವ ನಿಮ್ಮ ಸೀನಿಯರ್‌ಗೆ ಈ ಕಟ್ಟಡದ ಫೋಟೊ ತೋರಿಸಿ.

ಈಗ ನಿಮ್ಮ ಕಾಲಂ. ಅಂಕಿಗಳನ್ನು ನಾನು ಸುಲಭ ಮಾಡಿಕೊಳ್ಳುತ್ತೇನೆ. ಗೋಡೆ 6 ಮೀಟರ್ ಉದ್ದ, ಎರಡು ತುದಿಗೂ ಒಂದೊಂದು ಕಾಲಂ. ಗೋಡೆ ನಿಂತ ಮಟ್ಟದಲ್ಲಿ ಉರುಳಿಸುವ ಮೊಮೆಂಟ್ 2,400 ಕಿಲೋನ್ಯೂಟನ್ ಮೀಟರ್. ಅಂದರೆ ಒಂದು ಕಾಲಂಗೆ 400 ಕಿಲೋನ್ಯೂಟನ್ ಒತ್ತಡ, ಇನ್ನೊಂದಕ್ಕೆ 400 ಎಳೆತ. ಡೆಡ್ ಲೋಡ್ (ಕಟ್ಟಡದ ಸ್ವಂತ ಭಾರ) ಒಂದೊಂದಕ್ಕೂ 600. ಆ ಜಾಗದ ಅಲುಗಾಟದ ತೀವ್ರತೆ ಹೇಳುವ ಅಂಕಿ ಎಸ್‌ಡಿಎಸ್ 1.0. ಎಳೆತದ ಕಡೆಗೆ ಡೆಡ್ ಲೋಡ್ ಫ್ಯಾಕ್ಟರ್ 0.9ರಲ್ಲಿ, ಮೇಲೆ-ಕೆಳಗಿನ ಅಲುಗಾಟಕ್ಕೆ ಎಸ್‌ಡಿಎಸ್‌ನ 0.2 ಪಟ್ಟು, ಅಂದರೆ 0.2 ಕಳೆದು 0.7. ಆಗ ಕೆಳಮುಖ ಭಾರ 420. ಮಾಮೂಲಿ ಕಾಂಬಿನೇಶನ್‌ನಲ್ಲಿ, ರಿಡಂಡೆನ್ಸಿ ಫ್ಯಾಕ್ಟರ್ ರೋ (ಬದಲಿ ಗೋಡೆಗಳು ಸಾಲದಿದ್ದರೆ ಬಲ ಹೆಚ್ಚಿಸುವ ಗುಣಕ) 1 ಅಂತ ಹಿಡಿದರೆ, 420ರಲ್ಲಿ 400 ಹೋಗಿ 20 ಕಿಲೋನ್ಯೂಟನ್ ಒತ್ತಡ ಉಳಿಯುತ್ತದೆ. ಕಾಲಂನಲ್ಲಿ ಎಳೆತವೇ ಇಲ್ಲ ಅಂತ ಕಂಪ್ಯೂಟರ್ ಹೇಳುತ್ತದೆ, ನೀವು ನೆಮ್ಮದಿಯಾಗಿ ಮುಂದಿನ ಕೆಲಸಕ್ಕೆ ಹೋಗುತ್ತೀರಿ. ಈಗ ಒಮೆಗಾ ಹಾಕಿ. 400 ಹೋಗಿ 1,000 ಆಗುತ್ತದೆ. 420 ಕಳೆದರೆ 580 ಕಿಲೋನ್ಯೂಟನ್ ನಿವ್ವಳ ಎಳೆತ! ಅದೇ ಕಾಲಂ, ಅದೇ ಗೋಡೆ. ಇನ್ನೊಂದು ಕಾಲಂನಲ್ಲಿ ಡೆಡ್ ಲೋಡ್ 1.2ಕ್ಕೆ ಅದೇ 0.2 ಕೂಡಿ 1.4 ಪಟ್ಟಾಗಿ 840, ಜೊತೆಗೆ 1,000, ಒಟ್ಟು 1,840. ಲೈವ್ ಲೋಡ್ (ಜನ, ಸಾಮಾನಿನ ಭಾರ) ಬೇರೆ. ಮಾಮೂಲಿ ಲೆಕ್ಕದಲ್ಲಿ ಅದು 1,240 ಇತ್ತು.

ಒತ್ತಡದ ವ್ಯತ್ಯಾಸ ಒಂದೂವರೆ ಪಟ್ಟು ಆಯಿತು. ಎಳೆತದ ಕಡೆ ಮಾತ್ರ ಚಿತ್ರವೇ ತಿರುಗಿಬಿತ್ತು. ನನ್ನ ಹತ್ತಿರ ಚೆಕಿಂಗ್‌ಗೆ ಬರುವ ಕ್ಯಾಲ್ಕ್ಯುಲೇಶನ್‌ಗಳಲ್ಲಿ ನಾನು ಮೊದಲು ಹುಡುಕುವುದು ಈ ಸಾಲನ್ನೇ. 0.9 ಡೆಡ್ ಲೋಡ್ ಇರುವ ಕಾಂಬಿನೇಶನ್‌ನಲ್ಲಿ ಒಮೆಗಾ ಬಂದಿದೆಯಾ ಅಂತ. ತುಂಬ ಜನ ಒತ್ತಡದ ಕಡೆ ಹಾಕಿರುತ್ತಾರೆ, ಈ ಕಡೆ ಮರೆತಿರುತ್ತಾರೆ.

ಗೋಡೆಗೂ ಕಾಲಂಗೂ ನಡುವೆ ಬೀಮ್ ಇದ್ದರೆ ಅದಕ್ಕೂ ಒಮೆಗಾ ಬೇಕು. ಹೊರುವುದು ಕಾಲಂ ಆಗಲಿ, ಬೀಮ್ ಆಗಲಿ, ಟ್ರಸ್ ಆಗಲಿ, ಸ್ಲ್ಯಾಬ್ ಆಗಲಿ, ನಿಯಮ ಒಂದೇ. ನಿಂತುಹೋದ ಗೋಡೆಯನ್ನು ಅದರ ಕೆಳಗಿನದ್ದಕ್ಕೆ ಜೋಡಿಸುವ ಕನೆಕ್ಷನ್‌ಗೆ ಮಾತ್ರ ಕೋಡ್ ಇದನ್ನು ಕೇಳುವುದಿಲ್ಲ. ಗೋಡೆ ಎಷ್ಟಕ್ಕೆ ಡಿಸೈನ್ ಆಗಿದೆಯೋ ಅಷ್ಟನ್ನು ದಾಟಿಸಿದರೆ ಸಾಕು ಅನ್ನುತ್ತದೆ. ನನಗೆ ಇದು ಒಪ್ಪಿಗೆಯಾಗಿಲ್ಲ. 580 ಎಳೆತ ಕಾಲಂನೊಳಗೆ ಬರಬೇಕಾದರೆ ಆ ಕನೆಕ್ಷನ್ ದಾಟಿಯೇ ಬರಬೇಕಲ್ವಾ? ನನ್ನ ಆಫೀಸಿನಲ್ಲಿ ಅಲ್ಲಿಗೂ ಅದೇ ಬಲ ಹಿಡಿಯುತ್ತೇವೆ. ನಾಲ್ಕು ಕಂಬಿ ಜಾಸ್ತಿ ಆಗಬಹುದು, ಆಗಲಿ.

ಕಾಲಂನ ರಿಂಗ್ ಬಗ್ಗೆಯೂ ಹೇಳಿಬಿಡುತ್ತೇನೆ. ಅಮೆರಿಕದ ಕಾಂಕ್ರೀಟ್ ಕೋಡ್ ಎಸಿಐ 318 ಪ್ರಕಾರ ಗೋಡೆ ಹೊರುವ ಕಾಲಂನಲ್ಲಿ ಭೂಕಂಪದ ಒತ್ತಡ ಒಂದು ಮಿತಿ ದಾಟಿದರೆ ಹತ್ತಿರ ಹತ್ತಿರದ ರಿಂಗ್ ಪೂರ್ತಿ ಎತ್ತರಕ್ಕೂ ಬೇಕು. ಮಿತಿ ಅಂದರೆ ಕಾಲಂನ ಅಡ್ಡಕೊಯ್ತದ ವಿಸ್ತೀರ್ಣವನ್ನು ಕಾಂಕ್ರೀಟ್ ಶಕ್ತಿಯಿಂದ ಗುಣಿಸಿ ಅದರ ಹತ್ತನೇ ಒಂದು ಪಾಲು. ಒಮೆಗಾ ಸೇರಿಸಿ ಹೋಲಿಸುವುದಾದರೆ ನಾಲ್ಕನೇ ಒಂದು ಪಾಲು. ರಿಂಗ್ ಮೇಲೆ ಗೋಡೆಯೊಳಕ್ಕೂ ಹೋಗಬೇಕು, ಕೆಳಗೆ ಫೂಟಿಂಗ್‌ನೊಳಕ್ಕೂ ಕನಿಷ್ಠ 300 ಮಿಲಿಮೀಟರ್ ಇಳಿಯಬೇಕು. ಎಲ್ ಸೆಂಟ್ರೋದಲ್ಲಿ ಪುಡಿಯಾದದ್ದು ಬುಡವೇ ಅನ್ನುವುದು ನೆನಪಿರಲಿ.

ಫೂಟಿಂಗ್ ಕೇಳಿದ್ದೀರಿ. 7-16ರಲ್ಲಿ ಮಾಮೂಲಿ ಫೂಟಿಂಗ್‌ಗೆ ಒಮೆಗಾ ಇಲ್ಲ. ಕ್ಯಾಂಟಿಲಿವರ್ ಕಾಲಂ ವ್ಯವಸ್ಥೆಯಂಥ ಕೆಲವು ಕಡೆ ಇದೆ, ನಿಮ್ಮದು ಅದಲ್ಲ. ಆದರೆ ಕಾಲಂ ಕಂಬಿ ಫೂಟಿಂಗ್‌ನಲ್ಲಿ ಹಿಡಿದು ನಿಲ್ಲುವಷ್ಟು ಉದ್ದ ಇರಲೇಬೇಕು. 580 ಎಳೆತಕ್ಕೆ ಅದು ಕಿತ್ತು ಬಂದರೆ ಮೇಲೆ ಮಾಡಿದ ಲೆಕ್ಕವೆಲ್ಲ ವ್ಯರ್ಥ.

ಗೋಡೆ ನಿಂತಲ್ಲಿ ಅದರ ಅಡ್ಡ ಬಲ ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿದ್ದೀರಾ? ಕಾಲಂಗಳು ಹೊರುವುದು ಮೇಲೆ-ಕೆಳಗಿನ ಬಲವನ್ನು. ಅಡ್ಡ ಬಲ ಮೊದಲನೇ ಮಹಡಿಯ ಸ್ಲ್ಯಾಬ್ ಮೂಲಕ ಬೇರೆ ಗೆರೆಯ ಗೋಡೆಗೆ ಓಡಬೇಕು. ಹೀಗೆ ಗೆರೆ ಬದಲಾದರೆ ಆ ವರ್ಗಾವಣೆಯ ಬಲಕ್ಕೂ 7-16 ಒಮೆಗಾ ಕೇಳುತ್ತದೆ. ಸ್ಲ್ಯಾಬ್ ತೆಳುವಿದ್ದು, ಲಾಬಿಯ ಹತ್ತಿರ ಮೆಟ್ಟಿಲಿನ ತೂತು ಬೇರೆ ಇದ್ದರೆ ಕಷ್ಟ. ಲೆಕ್ಕ ಮಾಡುವ ಮೊದಲು ಆರ್ಕಿಟೆಕ್ಟ್ ಜೊತೆ ಮಾತಾಡಿ. ಒಂದೂವರೆ ಮೀಟರ್ ಗೋಡೆಯನ್ನಾದರೂ ನೆಲದವರೆಗೆ ಬಿಡಿ ಅಂತ ಕೇಳಿ. ಕ್ಲೈಂಟ್ ಅಮೆರಿಕದಲ್ಲಿದ್ದಾರೆ, ನಾವು ಹೇಗೆ ಕೇಳೋದು ಅಂತ ಸುಮ್ನೆ ಇರಬೇಡಿ. ಕೇಳಿದರೆ ಒಪ್ಪುವವರೂ ಇದ್ದಾರೆ.

ಕಲೆಕ್ಟರ್ ವಿಷಯದಲ್ಲಿ ನಿಮ್ಮ ಸೀನಿಯರ್ ಸರಿ. ಮಹಡಿಯ ಬಲವನ್ನು ಬಾಚಿ ಗೋಡೆಗೆ ತಲುಪಿಸುವ ಬೀಮ್ ಅದು. ಒಂದು ಗೆರೆ 24 ಮೀಟರ್ ಉದ್ದ, ಗೋಡೆ ಅದರ ಒಂದು ತುದಿಯಲ್ಲಿ 6 ಮೀಟರ್, ಆ ಗೆರೆಗೆ ಬರುವ ಬಲ 240 ಕಿಲೋನ್ಯೂಟನ್ ಅಂದರೆ, ಮೀಟರ್‌ಗೆ 10ರಂತೆ 18 ಮೀಟರ್ ಬೀಮ್ ಕೂಡಿಸಿಕೊಂಡು ಬಂದು ಗೋಡೆಯ ಮುಖದಲ್ಲಿ 180 ಕೊಡುತ್ತದೆ. ಒಮೆಗಾ ಹಾಕಿದರೆ 450. ಡಯಾಫ್ರಂ, ಅಂದರೆ ಬಲವನ್ನು ಗೋಡೆಗಳಿಗೆ ಹಂಚುವ ಮಹಡಿ, ಫ್ಲೆಕ್ಸಿಬಲ್ ಆಗಿದ್ದರೆ ಒಮೆಗಾದಲ್ಲಿ 0.5 ಕಳೆಯಬಹುದು, ಕಾಂಕ್ರೀಟ್ ಸ್ಲ್ಯಾಬ್‌ಗೆ ಆ ರಿಯಾಯಿತಿ ಇಲ್ಲ. ಒಂದು ಸೂಕ್ಷ್ಮ ಇದೆ. ಕಲೆಕ್ಟರ್‌ಗೆ ಮೂರು ಬಲ ಹೋಲಿಸಬೇಕು. ಕಟ್ಟಡದ ಮಾಮೂಲಿ ಸೈಸ್ಮಿಕ್ ಬಲ, ಆ ಮಹಡಿಯ ಡಯಾಫ್ರಂ ಬಲ, ಡಯಾಫ್ರಂನ ಕನಿಷ್ಠ ಬಲ. ಮೊದಲ ಎರಡಕ್ಕೆ ಒಮೆಗಾ ಉಂಟು. ಕನಿಷ್ಠ ಬಲಕ್ಕೆ ಇಲ್ಲ. ಮೂರಕ್ಕೂ ಹಾಕಿ ಕಂಬಿ ಹಿಡಿಸದೆ ಒದ್ದಾಡುವವರನ್ನು ನೋಡಿದ್ದೇನೆ.

ಕಲೆಕ್ಟರ್ ಸಣ್ಣ ವಿಷಯ ಅಂತ ತಿಳಿಯಬೇಡಿ. 2011ರ ಫೆಬ್ರವರಿ 22ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಸಿಟಿವಿ ಕಟ್ಟಡ ಕುಸಿದು 115 ಜನ ಸತ್ತರು. ತನಿಖೆಯಲ್ಲಿ ಹಲವು ದೋಷ ಹೊರಬಂದವು. ಅವುಗಳಲ್ಲಿ ಒಂದು, ಮಹಡಿಗಳನ್ನು ಉತ್ತರದ ಕೋರ್ ಗೋಡೆಗೆ ಕಟ್ಟಿದ ಜೋಡಣೆ ಸಾಲದೇ ಹೋದದ್ದು. ಕುಸಿದ ಮೇಲೆ ಆ ಕೋರ್ ಗೋಡೆ ಮಾತ್ರ ನಿಂತಿತ್ತು. ಗೋಡೆ ಎಷ್ಟೇ ಗಟ್ಟಿ ಇದ್ದರೂ ಮಹಡಿಯ ಕೈ ಬಿಟ್ಟುಹೋದರೆ ಏನು ಬಂತು?

ಇನ್ನು ಕಾಂಕ್ರೀಟ್‌ಗೆ ಹಾಕುವ ಆಂಕರ್ ಬೋಲ್ಟ್. ಬೋಲ್ಟ್ ಕಂಬಿ ಯೀಲ್ಡ್ ಆಗುವಂತೆ ಮಾಡಬಹುದು, ಅದಕ್ಕೆ ಜೋಡಿಸಿದ ಪ್ಲೇಟ್ ಯೀಲ್ಡ್ ಆಗುವಂತೆ ಮಾಡಬಹುದು, ಬರಬಹುದಾದ ಗರಿಷ್ಠ ಬಲ ಹಿಡಿಯಬಹುದು. ಮೂರೂ ಆಗದಿದ್ದರೆ ಒಮೆಗಾ. ಸ್ಟೀಲ್ ಬ್ರೇಸ್ಡ್ ಫ್ರೇಮ್ (ಓರೆ ಬ್ರೇಸ್‌ಗಳಿಂದ ಬಿಗಿದ ಚೌಕಟ್ಟು) ಸಿಕ್ಕಾಗ ಹುಷಾರು. ಸ್ಪೆಷಲ್ ಬ್ರೇಸ್ಡ್ ಫ್ರೇಮ್‌ನ ಕಾಲಂಗೆ ಒಮೆಗಾ 2 ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಸ್ಟೀಲ್ ಕಟ್ಟಡಗಳಿಗೆ ಅಮೆರಿಕದ ಭೂಕಂಪ ಕೋಡ್ ಆದ ಎಐಎಸ್‌ಸಿ 341-16, ಬ್ರೇಸ್‌ಗಳು ನಿಜಕ್ಕೂ ಎಷ್ಟು ಎಳೆಯಬಲ್ಲವು, ಬಕಲ್ ಆದ (ಒತ್ತಡಕ್ಕೆ ಬಾಗಿದ) ಮೇಲೆ ಎಷ್ಟು ಉಳಿಯುತ್ತದೆ ಅಂತ ನೇರವಾಗಿ ಲೆಕ್ಕ ಹಾಕಿಸುತ್ತದೆ.

ಈಗ ಟೀಮ್ ಲೀಡ್ ಮಾತಿಗೆ ಬರೋಣ. ಎಲ್ಲದಕ್ಕೂ ಹಾಕಿದರೆ ಏನು ತಪ್ಪು? ಮನೆಯ ಫ್ಯೂಸ್ ಪದೇ ಪದೇ ಹೋಗುತ್ತದೆ ಅಂತ ದಪ್ಪ ತಂತಿ ಕಟ್ಟಿದರೆ ಸುಡುವುದು ಗೋಡೆಯೊಳಗಿನ ವೈರ್. ಶಿಯರ್ ವಾಲ್‌ನ ಬುಡದ ಕಂಬಿ ಈ ಕಟ್ಟಡದ ಫ್ಯೂಸ್. ಅದಕ್ಕೂ 2.5 ಪಟ್ಟು ಕಂಬಿ ಹಾಕಿದರೆ ಗೋಡೆ ಯೀಲ್ಡ್ ಆಗುವ ಬಲವೂ ಮೇಲಕ್ಕೆ ಹೋಯಿತು. ಆಗ ಕಾಲಂಗೆ ಹಾಕಿದ 2.5 ಸಾಲುವುದಿಲ್ಲ. ನೀವು 1,250ಕ್ಕೆ ಮಾಡಿದ ಗೋಡೆ ನಿಜವಾಗಿ ಅದಕ್ಕಿಂತ ಎಷ್ಟೋ ಜಾಸ್ತಿ ತಡೆಯುತ್ತದೆ, ಅದೆಲ್ಲ ಮತ್ತೆ ಕಾಲಂ ತಲೆಗೆ. ಗೋಡೆಯ ಶಿಯರ್ ಕೂಡ ಬಿಗಡಾಯಿಸುತ್ತದೆ. ಬುಡ ಬಾಗಿ ಯೀಲ್ಡ್ ಆಗುವ ಬದಲು ಗೋಡೆ ಓರೆಯಾಗಿ ಸೀಳಬಹುದು. ಇಟ್ಯಾಬ್ಸ್ ಸಾಫ್ಟ್‌ವೇರ್‌ನಲ್ಲಿ ಒಂದೇ ಸಲ ಕಾಂಬಿನೇಶನ್ ಮಾಡಿ ಎಲ್ಲ ಮೆಂಬರ್‌ಗೂ ಬಿಡುವುದು ಸುಲಭ ಅನ್ನುವುದು ನನಗೂ ಗೊತ್ತು. ಆದರೆ ಇಲ್ಲಿ ಬೇಕಾದದ್ದು ಎರಡು ಪಟ್ಟಿ. ಮಾಮೂಲಿ ಕಾಂಬಿನೇಶನ್ ಎಲ್ಲರಿಗೂ. ಒಮೆಗಾ ಇರುವುದು ಹೆಸರು ಹಿಡಿದು ಆರಿಸಿದ ಮೆಂಬರ್‌ಗಳಿಗೆ ಮಾತ್ರ. ಪ್ಲಾನ್‌ನ ಪ್ರಿಂಟ್ ತೆಗೆದು ಆ ಮೆಂಬರ್‌ಗಳಿಗೆ ಕೆಂಪು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ನಾನು ಈಗಲೂ ಹಾಗೇ ಮಾಡುತ್ತೇನೆ.

ಇನ್ನೆರಡು ಮಾತು. ಒಮೆಗಾ ಹಾಕಿದಲ್ಲಿ ರಿಡಂಡೆನ್ಸಿ ಫ್ಯಾಕ್ಟರ್ ರೋವನ್ನು 1.3 ಇಡಬೇಡಿ. ಅಲ್ಲಿ ರೋ 1. ಎರಡನ್ನೂ ಗುಣಿಸಿದರೆ ಸುಮ್ನೆ ಮೂರು ಪಟ್ಟಿಗೂ ಮೀರಿ ಹೋಗುತ್ತದೆ. ಮತ್ತೆ, ಒಮೆಗಾದಿಂದ ಬಂದ ಬಲ ಅಸಾಧ್ಯ ಅನ್ನಿಸಿದರೆ ಕೋಡ್ ಇನ್ನೊಂದು ದಾರಿ ಕೊಡುತ್ತದೆ. ಗೋಡೆ ನಿಜಕ್ಕೂ ಯೀಲ್ಡ್ ಆದಾಗ ಕಾಲಂಗೆ ಗರಿಷ್ಠ ಎಷ್ಟು ಬರಬಹುದು ಅಂತ ಲೆಕ್ಕ ಹಾಕಿ. ಅದು ಕಮ್ಮಿ ಇದ್ದರೆ ಅಷ್ಟಕ್ಕೇ ಡಿಸೈನ್ ಮಾಡಬಹುದು. ಕಷ್ಟದ ಕೆಲಸ, ಆದರೆ ನನಗೆ ಈ ದಾರಿಯೇ ಹೆಚ್ಚು ಇಷ್ಟ. 2.5 ಅನ್ನುವುದು ಇಡೀ ಒಂದು ಜಾತಿಯ ಕಟ್ಟಡಗಳಿಗೆ ಹೇಳಿದ ಅಂದಾಜು. ಇದು ನಿಮ್ಮ ಗೋಡೆಯದ್ದೇ ಲೆಕ್ಕ.

ಪ್ರಶ್ನೆ: ನಮ್ಮದು ಫೌಂಡ್ರಿಗೆ ಬೇಕಾದ ಸ್ಟೀಲ್ ಶೆಡ್. ಗಾಳಿಯ ಬಲವೇ ಜಾಸ್ತಿ ಬಂದಿದೆ, ಭೂಕಂಪದ್ದು ಕಮ್ಮಿ. ಆದರೂ ಡಿಸೈನರ್ ಭಾರತದ ಸ್ಟೀಲ್ ಕೋಡ್ ಐಎಸ್ 800ರಲ್ಲಿರುವ 2.5 ಇಎಲ್ (ಭೂಕಂಪದ ಲೋಡ್‌ನ 2.5 ಪಟ್ಟು) ಅಂತ ಹೇಳಿ ಬ್ರೇಸಿಂಗ್‌ನ ಬೋಲ್ಟ್ ಹೆಚ್ಚಿಸಿದ್ದಾರೆ. ಬೇಕಾ ಇದು?
– ಓದುಗರು, ಬೆಳಗಾವಿ

ಉತ್ತರ: ಬೇಕು. ಐಎಸ್ 1893ರ 2016ರ ಆವೃತ್ತಿಯ ಭೂಕಂಪ ನಕ್ಷೆಯಲ್ಲಿ ಬೆಳಗಾವಿ ಝೋನ್ 3ರಲ್ಲಿ, ಅಂದರೆ ಮಧ್ಯಮ ಅಪಾಯದ ವಲಯದಲ್ಲಿದೆ. ಅಮೆರಿಕದವರು ಒಮೆಗಾ ಅನ್ನುವುದನ್ನೇ ನಮ್ಮ ಐಎಸ್ 800, 2007ರ ಆವೃತ್ತಿಯ 12ನೇ ವಿಭಾಗ 2.5 ಇಎಲ್ ಅಂತ ಬರೆಯುತ್ತದೆ. ಅದರಲ್ಲಿ ಎರಡು ಕಾಂಬಿನೇಶನ್ ಇವೆ. ಒಂದರಲ್ಲಿ 1.2 ಡೆಡ್ ಲೋಡ್, 0.5 ಲೈವ್ ಲೋಡ್, 2.5 ಇಎಲ್. ಇನ್ನೊಂದರಲ್ಲಿ 0.9 ಡೆಡ್ ಲೋಡ್, 2.5 ಇಎಲ್. ಇದೂ ಎಲ್ಲದಕ್ಕೂ ಅಲ್ಲ. ಕಾಲಂ ಮೇಲಿನ ಒತ್ತಡ ಅದರ ಶಕ್ತಿಯ 0.4 ಪಾಲು ದಾಟಿದಾಗ ಆ ಕಾಲಂಗೆ, ಆರ್ಡಿನರಿ ಬ್ರೇಸ್ಡ್ ಫ್ರೇಮ್‌ನಲ್ಲಿ ಬ್ರೇಸ್‌ನ ತುದಿ ಜೋಡಣೆಗೆ, ಹೀಗೆ ಕೆಲವು ಕಡೆ.

ಗಾಳಿ ಗೆದ್ದಿದೆ ಅಂದರೆ ಭೂಕಂಪ ಮರೆಯಬಹುದು ಅಂತಲ್ಲ. ಗಾಳಿಗೋಸ್ಕರ ಬ್ರೇಸ್ ದಪ್ಪ ಮಾಡಿದ್ದೀರಿ. ಅದು ಭೂಕಂಪದಲ್ಲೂ ಅಷ್ಟೇ ಗಟ್ಟಿಯಾಗಿ ಎಳೆಯುತ್ತದೆ. ಬೋಲ್ಟ್ ಮೊದಲು ಕತ್ತರಿಸಿಹೋದರೆ ದಪ್ಪ ಬ್ರೇಸ್‌ನಿಂದ ಏನು ಪ್ರಯೋಜನ? ಡಿಸೈನರ್‌ಗೆ ಒಂದು ಮಾತು ಕೇಳಿ. ಬ್ರೇಸ್‌ನ ಯೀಲ್ಡ್ ಶಕ್ತಿಯ 1.2 ಪಟ್ಟು, 2.5 ಇಎಲ್‌ನಿಂದ ಬಂದ ಬಲ, ಇಡೀ ಫ್ರೇಮ್ ಆ ಬ್ರೇಸ್‌ಗೆ ದಾಟಿಸಬಲ್ಲ ಗರಿಷ್ಠ ಬಲ, ಈ ಮೂರರಲ್ಲಿ ಕಮ್ಮಿ ಯಾವುದು ಅಂತ. ಜೋಡಣೆಗೆ ಅದು ಸಾಕು. ಅದಕ್ಕಿಂತ ಜಾಸ್ತಿ ಹಾಕಿದ್ದರೆ ಬೋಲ್ಟ್ ಕಮ್ಮಿ ಮಾಡಿಸಬಹುದು, ಆದರೆ ಗಾಳಿಯ ಬಲಕ್ಕೆ ಬೇಕಾದಷ್ಟು ಇರಲೇಬೇಕು.

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ, ನೆಲ ಮತ್ತು ಎರಡು ಮಹಡಿ. ಡ್ರಾಯಿಂಗ್‌ನಲ್ಲಿ ಎಫ್‌ಇ 500ಡಿ (ಯೀಲ್ಡ್ ಶಕ್ತಿ 500ರ, ಹೆಚ್ಚು ಹಿಗ್ಗುವ ದರ್ಜೆ) ಕಂಬಿ ಇದೆ. ಕಾಂಟ್ರಾಕ್ಟರ್ ‘ಎಫ್‌ಇ 550 ಹಾಕ್ತೀನಿ, ಅದೇ ರೇಟು, ಇನ್ನೂ ಗಟ್ಟಿ’ ಅನ್ನುತ್ತಾರೆ. ಒಪ್ಪಬಹುದಾ?
– ಓದುಗರು, ಉಡುಪಿ

ಉತ್ತರ: ಇಂಜಿನಿಯರ್‌ಗೆ ತೋರಿಸದೆ ಒಪ್ಪಬೇಡಿ. ಅದೇ 2016ರ ನಕ್ಷೆಯಲ್ಲಿ ಉಡುಪಿಯೂ ಝೋನ್ 3. ಬೀಮ್‌ನ ಕಂಬಿ ಲೆಕ್ಕಕ್ಕಿಂತ ಗಟ್ಟಿಯಾದರೆ ಭೂಕಂಪದಲ್ಲಿ ಬೀಮ್ ಬಾಗುವ ಬದಲು ಕಾಲಂ ಬಾಗಬಹುದು. ಅದಕ್ಕೇ ಕಾಂಕ್ರೀಟ್ ಕಟ್ಟಡಗಳ ಭೂಕಂಪ ಕೋಡ್ ಐಎಸ್ 13920, 2016ರ ಆವೃತ್ತಿ, ಒಂದು ಜಾಯಿಂಟ್‌ನಲ್ಲಿ ಕಾಲಂಗಳ ಶಕ್ತಿ ಬೀಮ್‌ಗಳದ್ದಕ್ಕಿಂತ 1.4 ಪಟ್ಟು ಇರಲಿ ಅನ್ನುತ್ತದೆ. ಬೀಮ್‌ನ ಕಂಬಿ ಬದಲಾದರೆ ಆ ಲೆಕ್ಕವೂ ಬದಲಾಗುತ್ತದೆ. ಕಂಬಿಯ ನಿಜವಾದ ಯೀಲ್ಡ್ ಶಕ್ತಿ ಹೇಳಿದ್ದಕ್ಕಿಂತ ಶೇಕಡ 20ಕ್ಕಿಂತ ಜಾಸ್ತಿ ಇರಬಾರದು ಅಂತಲೂ ಅದರಲ್ಲಿದೆ. ಕಂಬಿ ತುಂಡಾಗುವ ಬಲ ಯೀಲ್ಡ್ ಬಲದ 1.15 ಪಟ್ಟಾದರೂ ಇರಬೇಕು. ಹಿಗ್ಗುವ ಗುಣ ಶೇಕಡ 14.5ಕ್ಕಿಂತ ಹೆಚ್ಚು ಬೇಕು. ಲೋಡ್ ಬಂದಾಗ ಜೊತೆಯಲ್ಲಿ ಮಿಲ್‌ನ ಟೆಸ್ಟ್ ಸರ್ಟಿಫಿಕೇಟ್ ಕೇಳಿ ತಗೊಳ್ಳಿ. ಅದರಲ್ಲಿ ಈ ಮೂರೂ ಅಂಕಿಗಳನ್ನು ನೋಡಬಹುದು. ಫೋಟೊ ತೆಗೆದು ನಿಮ್ಮ ಇಂಜಿನಿಯರ್‌ಗೆ ಕಳಿಸಿ. ಅವರು ಹೂಂ ಅಂದ ಮೇಲೆ ಕಂಬಿ ಕಟ್ಟಲಿ.